ಬಳಸಿದ ಡ್ಯುಯಲ್ ಸ್ಪೋರ್ಟ್ ಬೈಕ್: ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

ಟಾರು ರಸ್ತೆಯಲ್ಲೂ ಮಣ್ಣಿನ ದಾರಿಯಲ್ಲೂ ಓಡಬಲ್ಲ ಡ್ಯುಯಲ್ ಸ್ಪೋರ್ಟ್ ಬೈಕುಗಳು ನಮ್ಮ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗ ಸಾಕಷ್ಟು ಸಿಗುತ್ತವೆ. ಸ್ನೇಹಿತರ ಜೊತೆ ಹೋಗಿ ನಾನು ಪರೀಕ್ಷಿಸಿದವುಗಳಲ್ಲಿ ಹೆಚ್ಚಿನವು ಎರಡೇ ಬಗೆಯವು: 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಮತ್ತು 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200. 411ರ ಬದಲಿಗೆ ಹಿಮಾಲಯನ್ 450 ಮಾರುಕಟ್ಟೆಗೆ ಬಂದದ್ದು 2023ರ ನವೆಂಬರ್‌ನಲ್ಲಿ. ಅಲ್ಲಿಂದೀಚೆಗೆ 411 ಬೇಕೆನ್ನುವವರು ಹಳೆಯ ಗಾಡಿಯನ್ನೇ ಹುಡುಕಬೇಕಾಗಿದೆ. ಎಕ್ಸ್‌ಪಲ್ಸ್‌ನಲ್ಲಿ ಮೊದಲು ಬಂದ ಎರಡು ವಾಲ್ವಿನ ಗಾಡಿಗಳೂ 2021ರಿಂದ ಬಂದ ನಾಲ್ಕು ವಾಲ್ವಿನವೂ ಮಾರಾಟಕ್ಕೆ ಸಿಗುತ್ತವೆ. ಹಿಮಾಲಯನ್ 411, ಎಕ್ಸ್‌ಪಲ್ಸ್ ಎರಡಕ್ಕೂ ಮುಂದೆ 21 ಇಂಚಿನ ಕಡ್ಡಿ (ಸ್ಪೋಕ್) ಚಕ್ರವಿದೆ, ನೆಲದಿಂದ 220 ಮಿಲಿಮೀಟರ್ ಎತ್ತರವಿದೆ, ಗುಂಡಿಯನ್ನು ನುಂಗಿಕೊಳ್ಳುವ ಉದ್ದನೆಯ ಸಸ್ಪೆನ್ಷನ್ ಇದೆ. ಇಷ್ಟೆಲ್ಲ ಇರುವುದರಿಂದಲೇ ಹಿಂದಿನ ಮಾಲೀಕರು ಅವನ್ನು ಹಳ್ಳಕ್ಕೆ, ಕಾಫಿ ತೋಟದ ಏರಿಗೆ, ಕಲ್ಲು ಕ್ವಾರಿಗೆ ಇಳಿಸಿರುತ್ತಾರೆ. ಆಫೀಸಿಗೆ ಹೋಗಿ ಬಂದ ಬೈಕನ್ನು ನೋಡುವ ಕಣ್ಣಿನಲ್ಲಿ ಈ ಗಾಡಿಗಳನ್ನು ನೋಡಿದರೆ ಮೋಸ ಹೋಗುವುದು ಸುಲಭ.

ಮೀಟರಿನಲ್ಲಿರುವ ಕಿಲೋಮೀಟರಿಗಿಂತ ಗಾಡಿ ಯಾವ ದಾರಿಯಲ್ಲಿ ಓಡಿದೆ, ಓಡಿ ಬಂದ ಮೇಲೆ ಅದಕ್ಕೆ ಏನು ಆರೈಕೆ ಸಿಕ್ಕಿದೆ ಎಂಬುದು ಹೆಚ್ಚು ಮುಖ್ಯ. ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ 40,000 ಕಿಲೋಮೀಟರ್ ಓಡಿ ಹೊತ್ತು ಹೊತ್ತಿಗೆ ಆಯಿಲ್ ಬದಲಾಯಿಸಿಕೊಂಡ ಬೈಕು, ಪ್ರತಿ ಭಾನುವಾರ ಕೆರೆಯಂಗಳದ ಧೂಳು ಕುಡಿದು 9,000 ಓಡಿದ ಬೈಕಿಗಿಂತ ಎಷ್ಟೋ ಮೇಲು. ಹಾಗೆಂದು ಮಣ್ಣಿನಲ್ಲಿ ಓಡಿಸಿದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ಇವು ಹುಟ್ಟಿದ್ದೇ ಅದಕ್ಕಾಗಿ. ಕೆಸರಿನಿಂದ ಬಂದ ರಾತ್ರಿಯೇ ಫಿಲ್ಟರ್ ತೊಳೆದು, ಚೈನಿಗೆ ಲ್ಯೂಬ್ ಹಾಕಿ, ಕಡ್ಡಿ ಬಿಗಿ ಮಾಡುವ ಸವಾರನ ಗಾಡಿಯನ್ನು ಗೀರುಗಳಿದ್ದರೂ ಧೈರ್ಯವಾಗಿ ಕೊಳ್ಳಬಹುದು. ಹುಡುಕಬೇಕಾದದ್ದು ಉದಾಸೀನದ ಗುರುತುಗಳನ್ನು, ಮತ್ತು ಅವನ್ನು ಮುಚ್ಚಿಡಲು ಮಾಡಿದ ಕೆಲಸದ ಗುರುತುಗಳನ್ನು.

ಮನೆಯಿಂದ ಹೊರಡುವ ಮೊದಲು

ಬೈಕು ನೋಡಿದ ಮೇಲೆ ಮನಸ್ಸು ಸೋತುಬಿಡುತ್ತದೆ. ಆದ್ದರಿಂದ ಕಾಗದಪತ್ರಗಳ ಪರಿಶೀಲನೆಯನ್ನು ಮನೆಯಲ್ಲಿ ಕುಳಿತೇ ಮುಗಿಸಿಕೊಳ್ಳುವುದು ಒಳ್ಳೆಯದು. ಮಾರುವವರಿಂದ ನೋಂದಣಿ ಸಂಖ್ಯೆ ಪಡೆದು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿದರೆ ನೋಂದಣಿಯಾದ ದಿನ, ವಾಹನದ ವರ್ಗ, ವಿಮೆ ಎಂದಿನವರೆಗೆ ಇದೆ, ಸಾಲ ಬಾಕಿ ದಾಖಲಾಗಿದೆಯೇ ಎಂಬ ವಿವರಗಳು ಸಿಗುತ್ತವೆ. ವಾಹನದ ವರ್ಗವನ್ನು ಅವಶ್ಯವಾಗಿ ನೋಡಬೇಕು, ಏಕೆಂದರೆ ಬಾಡಿಗೆಗೆ ಓಡುತ್ತಿದ್ದ ಬೈಕುಗಳನ್ನು ಸ್ವಂತ ಬಳಕೆಯದೆಂದು ಹೇಳಿ ತೋರಿಸುವುದುಂಟು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವುದು ಬಾಡಿಗೆ ಬೈಕಿನ ಗುರುತು. ಅಂಥ ಗಾಡಿಯನ್ನು ದಿನಕ್ಕೊಬ್ಬರು ಓಡಿಸಿರುತ್ತಾರೆ, ಅವರಲ್ಲಿ ಕ್ಲಚ್ ಬಳಸಲು ಸರಿಯಾಗಿ ಬಾರದವರೂ ಇರುತ್ತಾರೆ. ಬಾಕಿ ಇರುವ ದಂಡಗಳನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ.

ಬೇರೆ ರಾಜ್ಯದ ನೋಂದಣಿಯಿರುವ ಬೈಕು ಅಗ್ಗವಾಗಿ ಕಂಡರೆ ಒಂದು ಲೆಕ್ಕ ಹಾಕಬೇಕು. ಅದನ್ನು ಕರ್ನಾಟಕದಲ್ಲಿ ಇಟ್ಟುಕೊಳ್ಳುವುದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಆಜೀವ ತೆರಿಗೆ ಕಟ್ಟಬೇಕು, 12 ತಿಂಗಳೊಳಗೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಬೆಲೆಯಲ್ಲಿ ಉಳಿದ ಹಣದ ಬಹುಪಾಲು ಹೋಗಿರುತ್ತದೆ. ಮಾರುವವರೇ ಆರ್‌ಸಿಯಲ್ಲಿರುವ ಮಾಲೀಕರೋ ಎಂದು ಕೇಳಿ. "ನಾನು ಇನ್ನೊಬ್ಬರಿಂದ ಕೊಂಡೆ, ಹೆಸರಿಗೆ ಮಾಡಿಸಿಕೊಂಡಿಲ್ಲ" ಎಂಬ ಉತ್ತರ ಬಂದರೆ ಹಿಂದಿನ ಮಾಲೀಕರ ಸಹಿಗೂ ಅವರ ಮೊಬೈಲಿಗೆ ಬರುವ ಒಟಿಪಿಗೂ ನೀವು ಅಲೆಯಬೇಕಾಗುತ್ತದೆ. ಅಂಥ ಗಾಡಿ ಎಷ್ಟೇ ಚೆನ್ನಾಗಿದ್ದರೂ, ಮೊದಲು ಅವರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ ಎಂದು ನಾನು ಹೇಳಿಬಿಡುತ್ತೇನೆ.

ನೋಡಲು ಹೋಗುವುದು ಬೆಳಗಿನ ಹೊತ್ತೇ ಆಗಬೇಕು. ಮುಸ್ಸಂಜೆಯ ಬೆಳಕಿನಲ್ಲಿ, ಮಳೆಯಲ್ಲಿ, ತೊಳೆದು ಇನ್ನೂ ನೀರಿಳಿಯುತ್ತಿರುವ ಗಾಡಿಯಲ್ಲಿ ಆಯಿಲ್ ಜಿನುಗುವುದು ಕಾಣುವುದಿಲ್ಲ. "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿ, ತಲುಪಿದ ಕೂಡಲೇ ಎಂಜಿನ್ ಹತ್ತಿರ ಕೈ ಹಿಡಿದು ನೋಡಿ. ಬೆಚ್ಚಗಿದ್ದರೆ ಚಳಿ ಹಿಡಿದ ಎಂಜಿನ್ ಹೇಗೆ ಎದ್ದೇಳುತ್ತದೆ ಎಂಬುದನ್ನು ನಿಮಗೆ ತೋರಿಸಲು ಅವರಿಗೆ ಇಷ್ಟವಿಲ್ಲ ಎಂಬ ಅನುಮಾನಕ್ಕೆ ಎಡೆಯುಂಟು. ಬೇರೆ ಕಾರಣವೂ ಇರಬಹುದು, ಆದರೆ ಆಗ ಇನ್ನೊಂದು ಬೆಳಗ್ಗೆ ಬರುವುದೇ ಸರಿ. ಚೀಲದಲ್ಲಿ ಒಂದು ಟಾರ್ಚ್, ಸಣ್ಣ ಸ್ಪ್ಯಾನರ್, ಸ್ಕ್ರೂಡ್ರೈವರ್, ಬಿಳಿ ಬಟ್ಟೆಯ ತುಂಡು, ಸಾಧ್ಯವಾದರೆ ಮಲ್ಟಿಮೀಟರ್ ಇರಲಿ. ಜೊತೆಗೆ ಒಬ್ಬ ಸ್ನೇಹಿತ ಇದ್ದರೆ ಚಕ್ರ ಎತ್ತಿ ಹಿಡಿಯಲು ಅನುಕೂಲ.

ಮೊದಲು ಕೆಳಗಿನಿಂದ

ಎಲ್ಲರೂ ಟ್ಯಾಂಕಿನ ಬಣ್ಣವನ್ನು ಮೊದಲು ನೋಡುತ್ತಾರೆ. ಈ ಬಗೆಯ ಬೈಕಿನಲ್ಲಿ ನೆಲಕ್ಕೆ ಕೂತು ಹೊಟ್ಟೆಯಿಂದ ಶುರು ಮಾಡಬೇಕು. ಎಂಜಿನ್ ಕೆಳಗಿನ ಬ್ಯಾಶ್ ಪ್ಲೇಟ್ ತಗ್ಗಿದ್ದರೆ, ಗೀರಿದ್ದರೆ ಗಾಬರಿಯಾಗಬೇಕಿಲ್ಲ, ಅದು ಇರುವುದೇ ಪೆಟ್ಟು ತಿನ್ನಲು. ಪ್ಲೇಟಿನ ಹಿಂದೆ ಟಾರ್ಚ್ ಬಿಟ್ಟು ಎಂಜಿನ್ ಕೇಸಿಂಗ್ ಅನ್ನು ನೋಡಿ. ಅಲ್ಲಿ ಬಿರುಕು, ಅಲ್ಯೂಮಿನಿಯಂ ವೆಲ್ಡಿಂಗಿನ ಗಂಟು, ಎಂ-ಸೀಲ್ ಮೆತ್ತಿದ ಗುರುತು ಕಂಡರೆ ಕಲ್ಲಿನ ಪೆಟ್ಟು ಪ್ಲೇಟನ್ನು ದಾಟಿ ಒಳಕ್ಕೆ ಹೋಗಿದೆ ಎಂದೇ ಅರ್ಥ. ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ಸುತ್ತ ತೇವವಿದೆಯೇ, ಅದರ ತಲೆ ತಿರುಚಿ ಮೂಲೆಗಳು ಸವೆದಿವೆಯೇ ಎಂದೂ ನೋಡಿಕೊಳ್ಳಿ. ಮರೆ (ಥ್ರೆಡ್) ಹೋದ ಡ್ರೈನ್ ಬೋಲ್ಟಿನ ತೊಂದರೆ ಪ್ರತಿ ಸರ್ವಿಸಿನಲ್ಲೂ ಮುಂದುವರಿಯುತ್ತದೆ.

ಅನಂತರ ಚಾಸಿಸ್. ಹ್ಯಾಂಡಲ್ ಕೂರುವ ತಲೆಯ ಭಾಗದಲ್ಲಿ ಕೊಳವೆಗಳು ಸೇರುವ ವೆಲ್ಡಿಂಗ್, ಕಾಲಿಡುವ ಫುಟ್‌ರೆಸ್ಟ್ ಬ್ರಾಕೆಟ್, ಸೀಟಿನ ಕೆಳಗಿನ ಸಬ್‌ಫ್ರೇಮ್, ಈ ಮೂರು ಕಡೆ ಬಣ್ಣವನ್ನು ಗಮನಿಸಬೇಕು. ಉಳಿದ ಚಾಸಿಸ್ ಮಾಸಿದ್ದು ಒಂದೇ ಕಡೆ ಹೊಳೆಯುವ ಕಪ್ಪು ಬಣ್ಣವಿದ್ದರೆ, ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಬಿಟ್ಟು ಅದರುದ್ದಕ್ಕೂ ತುಕ್ಕು ಇಣುಕಿದ್ದರೆ ಅಲ್ಲಿ ಬಿರುಕಿನ ಸಂಶಯ ಪಡಬೇಕು. ಲಡಾಖ್ ಪ್ರವಾಸಕ್ಕೆ ಎರಡೂ ಕಡೆ ಪೆಟ್ಟಿಗೆ, ಹಿಂದೆ ಡೇರೆ, ಮೇಲೊಬ್ಬ ಜೊತೆಗಾರ ಎಂದು ಭಾರ ಹೊತ್ತ ಬೈಕುಗಳಲ್ಲಿ ಸಬ್‌ಫ್ರೇಮಿನ ಮೇಲೆ ತುಂಬ ಒತ್ತಡ ಬಿದ್ದಿರುತ್ತದೆ. ಹತ್ತು ಹೆಜ್ಜೆ ಹಿಂದೆ ನಿಂತು ಹಿಂದಿನ ಚಕ್ರ, ನಂಬರ್ ಪ್ಲೇಟ್, ಸೀಟಿನ ನಡುಗೆರೆ ಒಂದೇ ಸಾಲಿನಲ್ಲಿವೆಯೇ ಎಂದು ಕಣ್ಣಿಟ್ಟು ನೋಡಿದರೆ ವಾಲಿದ ಬೆನ್ನು ಗೊತ್ತಾಗುತ್ತದೆ. ತಲೆಯ ಭಾಗದಲ್ಲಿ ಕೊರೆದಿರುವ ಚಾಸಿಸ್ ಸಂಖ್ಯೆಯನ್ನು ಆರ್‌ಸಿಯ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ಮಾಡುವುದಕ್ಕೂ ಇದೇ ಸಮಯ. ಕೆಸರು ಕಟ್ಟಿ ಓದಲಾಗದಿದ್ದರೆ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ.

ಕ್ಲಚ್ ಲಿವರಿನ ತುದಿ ಮುರಿದಿರುವುದು, ಹ್ಯಾಂಡ್ ಗಾರ್ಡ್ ಉಜ್ಜಿರುವುದು, ಸೈಲೆನ್ಸರ್ ಕವಚಕ್ಕೆ ಗೀರು ಬಿದ್ದಿರುವುದು, ಇವೆಲ್ಲ ನಿಂತಲ್ಲೇ ಬಿದ್ದ ಬೈಕಿನಲ್ಲೂ ಇರುತ್ತವೆ. ಅವುಗಳ ಬಗ್ಗೆ ಮಾರುವವರು ತಾವಾಗಿ ಹೇಳಿದರೆ ಅವರ ಉಳಿದ ಮಾತಿನ ಮೇಲೂ ನನಗೆ ವಿಶ್ವಾಸ ಹೆಚ್ಚುತ್ತದೆ.

ಏರ್ ಫಿಲ್ಟರ್: ಬಿಡಲೇಬಾರದ ಪರೀಕ್ಷೆ

ಒಂದೇ ಒಂದು ಭಾಗವನ್ನು ಬಿಚ್ಚಿ ನೋಡಲು ಅವಕಾಶ ಸಿಕ್ಕರೆ ನಾನು ಏರ್ ಫಿಲ್ಟರ್ ಪೆಟ್ಟಿಗೆಯನ್ನು ಕೇಳುತ್ತೇನೆ. ಎಂಜಿನ್ ಉಸಿರಾಡುವ ಗಾಳಿಯೆಲ್ಲ ಅದರ ಮೂಲಕವೇ ಹೋಗಬೇಕು. ಮಲೆನಾಡಿನ, ಕರಾವಳಿಯ ಮುರಕಲ್ಲಿನ ಕೆಂಪು ಧೂಳು ಗೋಧಿ ಹಿಟ್ಟಿನಷ್ಟು ನುಣುಪಾಗಿರುತ್ತದೆ. ಫಿಲ್ಟರ್ ಹರಿದಿದ್ದರೆ, ಅಂಚಿನ ರಬ್ಬರ್ ಸರಿಯಾಗಿ ಕೂರದಿದ್ದರೆ ಆ ಧೂಳು ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗನ್ನೂ ಬೋರ್ ಗೋಡೆಯನ್ನೂ ಉಪ್ಪು ಕಾಗದದ ಹಾಗೆ ತೇಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಆರು ತಿಂಗಳ ಮೇಲೆ ಆಯಿಲ್ ಕಡಿಮೆಯಾಗತೊಡಗುತ್ತದೆ, ಹೊಗೆ ಬರುತ್ತದೆ, ಎಂಜಿನ್ ಬಿಚ್ಚಿಸುವ ಖರ್ಚು ಹೊಸ ಮಾಲೀಕರ ತಲೆಗೆ ಬರುತ್ತದೆ.

ಚಿಕ್ಕಮಗಳೂರಿನ ಹತ್ತಿರ ಒಂದು ಬೈಕು ನೋಡಲು ಸ್ನೇಹಿತನೊಂದಿಗೆ ಹೋಗಿದ್ದೆ. ಗಾಡಿ ಕನ್ನಡಿಯಂತಿತ್ತು. ಟೈರಿಗೂ ಪಾಲಿಶ್ ಹಚ್ಚಿದ್ದರು. ಮೀಟರಿನಲ್ಲಿ 11,000ದ ಆಸುಪಾಸು. ಸ್ನೇಹಿತ ಮುಂಗಡ ಕೊಡಲು ಫೋನ್ ತೆಗೆದಾಗಿತ್ತು. ಫಿಲ್ಟರ್ ನೋಡೋಣವೇ ಎಂದು ಕೇಳಿದೆ; ಮಾಲೀಕರು ಒಪ್ಪಿ ತಾವೇ ಸ್ಕ್ರೂ ಬಿಚ್ಚಿದರು. ಫಿಲ್ಟರ್ ಹೊಚ್ಚ ಹೊಸದು, ಹಿಂದಿನ ವಾರ ಹಾಕಿಸಿದ್ದಂತೆ. ಅದನ್ನು ಹೊರಗೆಳೆದು, ಬೆರಳಿಗೆ ಬಿಳಿ ಬಟ್ಟೆ ಸುತ್ತಿ, ಫಿಲ್ಟರಿನ ಆಚೆಗೆ ಎಂಜಿನ್ ಕಡೆ ಹೋಗುವ ರಬ್ಬರ್ ಕೊಳವೆಯ ಒಳಗೋಡೆಯನ್ನು ಒಂದು ಸುತ್ತು ಒರೆಸಿದೆ. ಬಟ್ಟೆಯ ಮೇಲೆ ಇಟ್ಟಿಗೆಯ ಬಣ್ಣದ ಅರ್ಧ ಚಂದ್ರ ಮೂಡಿತು. ಬೆರಳುಗಳ ನಡುವೆ ಉಜ್ಜಿದಾಗ ಆಯಿಲಿನೊಂದಿಗೆ ಸೇರಿದ ಮರಳು ಗರಗರ ಎಂದಿತು. ಹೊಸ ಫಿಲ್ಟರ್ ಬರುವುದಕ್ಕೆ ಮುಂಚೆ ಎಷ್ಟೋ ದಿನ ಆ ಎಂಜಿನ್ ನೇರವಾಗಿ ಧೂಳು ಕುಡಿದಿತ್ತು. ಮಾಲೀಕರಿಗೂ ಅದು ಗೊತ್ತಿರಲಿಲ್ಲವೆಂದೇ ನನಗೆ ಅನ್ನಿಸಿತು. ಅವರ ಮುಖ ಬಾಡಿಹೋಯಿತು. ಸ್ನೇಹಿತ ಆ ಗಾಡಿ ಕೊಳ್ಳಲಿಲ್ಲ.

ಫಿಲ್ಟರ್ ಕೊಳಕಾಗಿದ್ದರೆ ದೊಡ್ಡ ವಿಷಯವಲ್ಲ, ಅದರ ಕೆಲಸವೇ ಕೊಳೆ ಹಿಡಿಯುವುದು. ಫಿಲ್ಟರಿನಾಚೆಗಿನ ಕೊಳವೆ ಸ್ವಚ್ಛವಾಗಿರಬೇಕು, ಅಷ್ಟೇ. ಪೆಟ್ಟಿಗೆಯ ತಳದಲ್ಲಿ ಒಣಗಿದ ಕೆಸರಿನ ಪದರವಿದ್ದರೆ ಬೈಕು ಆಳವಾದ ನೀರಿಗೆ ಇಳಿದಿತ್ತೆಂದು ತಿಳಿಯಬಹುದು. ಅಲ್ಲೇ ಆಯಿಲ್ ಕೆರೆಯಂತೆ ನಿಂತಿದ್ದರೆ ಆಯಿಲನ್ನು ಅಳತೆ ಮೀರಿ ತುಂಬಿಸಿರಬೇಕು, ಇಲ್ಲವೆ ಸಿಲಿಂಡರಿನ ಒತ್ತಡ ರಿಂಗುಗಳನ್ನು ದಾಟಿ ಕೆಳಗಿಳಿದು ಆಯಿಲನ್ನು ಇಲ್ಲಿಗೆ ತಳ್ಳುತ್ತಿರಬೇಕು.

ಚಕ್ರದ ಕಡ್ಡಿಗಳು ಮತ್ತು ರಿಮ್

ಕಡ್ಡಿ ಚಕ್ರದ ಪರೀಕ್ಷೆಗೆ ಕಿವಿ ಸಾಕು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ (ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಯಾದರೆ ಸ್ನೇಹಿತ ಸೈಡ್ ಸ್ಟ್ಯಾಂಡಿನ ಮೇಲೆ ಎಚ್ಚರದಿಂದ ವಾಲಿಸಿ ಹಿಡಿಯಲಿ) ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿಯನ್ನು ಮೆಲ್ಲಗೆ ತಟ್ಟುತ್ತ ಬನ್ನಿ. ಬಿಗಿಯಾದ ಕಡ್ಡಿ ತಂಬೂರಿಯ ತಂತಿಯಂತೆ ಟಿಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಟಕ್ ಎನ್ನುತ್ತದೆ. ಎರಡು ಮೂರು ಕಡ್ಡಿ ಸಡಿಲವಿದ್ದರೆ ಗ್ಯಾರೇಜಿನಲ್ಲಿ ಅರ್ಧ ಗಂಟೆಯ ಕೆಲಸ. ಒಂದು ಪಕ್ಕದಲ್ಲಿ ಸಾಲಾಗಿ ಮಂಕು ಸದ್ದು ಬಂದರೆ ಅಲ್ಲಿ ರಿಮ್ ಪೆಟ್ಟು ತಿಂದಿರುತ್ತದೆ. ಚಕ್ರವನ್ನು ತಿರುಗಿಸಿ, ಬೆರಳನ್ನು ಫೋರ್ಕಿಗೆ (ಮುಂದಿನ ಚಕ್ರವನ್ನು ಹಿಡಿದಿರುವ ಕೊಳವೆಗೆ) ಒತ್ತಿ ಹಿಡಿದು, ಅದರ ತುದಿಗೂ ರಿಮ್ಮಿನ ಅಂಚಿಗೂ ಇರುವ ಸಂದು ಹೆಚ್ಚು ಕಡಿಮೆಯಾಗುವುದನ್ನು ಗಮನಿಸಿದರೆ ಗ್ಯಾರೇಜಿನವರು ಹೇಳುವ 'ಔಟ್' ಕಾಣಿಸುತ್ತದೆ. ಎಡಬಲ ಓಲಾಡುವ ಔಟನ್ನು ಬಹುಮಟ್ಟಿಗೆ ಕಡ್ಡಿ ತಿರುಗಿಸಿ ತೆಗೆಯಬಹುದು. ಅಂಚು ಒಳಗೆ ಮಡಚಿಕೊಂಡ ರಿಮ್ಮನ್ನು ಬದಲಾಯಿಸಬೇಕಾಗುತ್ತದೆ.

ಕಡ್ಡಿಯ ಬುಡದ ನಿಪ್ಪಲ್ ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಚಕ್ರವನ್ನು ಸರಿಪಡಿಸಲು ಆಗುವುದಿಲ್ಲ, ತಿರುಗಿಸಲು ಹೋದರೆ ಕಡ್ಡಿಯೇ ಮುರಿಯುತ್ತದೆ. ಕಾರವಾರ, ಉಡುಪಿ, ಮಂಗಳೂರು ಕಡೆಯ ಉಪ್ಪು ಗಾಳಿಯಲ್ಲಿದ್ದ ಗಾಡಿಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಇವು ಟ್ಯೂಬ್ ಇರುವ ಟೈರುಗಳು. ಗಾಳಿ ತುಂಬುವ ವಾಲ್ವಿನ ಕಡ್ಡಿ ರಿಮ್ಮಿಗೆ ನೆಟ್ಟಗೆ ನಿಲ್ಲದೆ ಓರೆಯಾಗಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದಾಗ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬನ್ನು ಎಳೆದಿದೆ ಎಂದು ಅರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. 2019ರ ಗಾಡಿಗೆ ಅದೇ ವರ್ಷದ ಟೈರಿದ್ದು ಗುಬುಟುಗಳು ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ. ಹೊಸ ಟೈರಿನ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಫೋರ್ಕ್, ಕೋನ್ ಸೆಟ್, ಹಿಂದಿನ ಸಸ್ಪೆನ್ಷನ್

ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಉಗುರನ್ನು ಮೇಲಿನಿಂದ ಕೆಳಕ್ಕೆ ಎಳೆಯಿರಿ. ಉಗುರಿಗೆ ಸಿಕ್ಕುವ ಕಲ್ಲಿನ ಕಚ್ಚು ಆಯಿಲ್ ಸೀಲನ್ನು ಕೊಯ್ಯುತ್ತಲೇ ಇರುತ್ತದೆ, ಸೀಲ್ ಎಷ್ಟು ಸಲ ಬದಲಾಯಿಸಿದರೂ ಪ್ರಯೋಜನವಿಲ್ಲ. ರಬ್ಬರ್ ಗೇಟರ್ ಹಾಕಿದ್ದರೆ ಅದನ್ನು ಮೇಲೆತ್ತಿ ನೋಡಬೇಕು, ಏಕೆಂದರೆ ಒಳಗೆ ಕೆಸರು ಸೇರಿ ತುಕ್ಕು ಹಿಡಿದಿರುವುದುಂಟು. ಮುಂದಿನ ಬ್ರೇಕ್ ಹಿಡಿದು ಐದಾರು ಸಲ ಭಾರ ಹಾಕಿ ಒತ್ತಿದ ಮೇಲೆ ಕೊಳವೆಯ ಮೇಲೆ ಆಯಿಲಿನ ಉಂಗುರ ಉಳಿದರೆ ಸೀಲ್ ಸೋರುತ್ತಿದೆ. ಸೀಲ್ ಮಾತ್ರ ಹೋಗಿದ್ದರೆ ಸಣ್ಣ ಖರ್ಚು, ಆದರೆ ಸೋರಿದ ಆಯಿಲ್ ಬ್ರೇಕ್ ಪ್ಯಾಡಿಗೆ ತಾಗಿದೆಯೇ ಎಂದು ನೋಡಿಕೊಳ್ಳಬೇಕು.

ಕೋನ್ ಸೆಟ್ ಎಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್. ಗುಂಡಿ ಹಾರಿದ ಬೈಕಿನಲ್ಲಿ ಮೊದಲು ಸವೆಯುವ ಭಾಗಗಳಲ್ಲಿ ಇದೂ ಒಂದು. ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ಒಂದು ಬೆರಳಿನಿಂದ ಎಡದಿಂದ ಬಲಕ್ಕೆ ನಿಧಾನ ತಿರುಗಿಸಿ. ನೇರವಾಗುವ ಜಾಗದಲ್ಲಿ ಸಣ್ಣ ಕುಳಿಗೆ ಬಿದ್ದ ಹಾಗೆ ಹ್ಯಾಂಡಲ್ ತಾನಾಗಿ ನಿಂತುಕೊಂಡರೆ ಬೇರಿಂಗ್ ಹೋಗಿದೆ. ಅನಂತರ ಫೋರ್ಕಿನ ತಳವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಕಟ್ ಕಟ್ ಎಂದರೆ ಸಡಿಲವಾಗಿದೆ. ಕೆಲವು ಸಲ ಬಿಗಿ ಮಾಡಿದರೆ ಸಾಕಾಗುತ್ತದೆ, ಕುಳಿ ಬಿದ್ದದ್ದಕ್ಕೆ ಮಾತ್ರ ಹೊಸ ಸೆಟ್ ಹಾಕಬೇಕು. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಅಲುಗಾಟವಿದ್ದರೆ ಅದು ಚಕ್ರದ ಬೇರಿಂಗಿನದು.

ಹಿಂಭಾಗಕ್ಕೆ ಬಂದರೆ, ಬೈಕಿನ ಹಿಂದಿನ ಹಿಡಿಯನ್ನು ಹಿಡಿದು ನಿಧಾನವಾಗಿ ಮೇಲಕ್ಕೆ ಎತ್ತಿ. ಶಾಕ್ ಚಲಿಸುವುದಕ್ಕೂ ಮೊದಲು ಖಾಲಿ ಅಲುಗಾಟ ಕೈಗೆ ಸಿಕ್ಕರೆ ಮೋನೋಶಾಕಿನ (ಹಿಂದಿನ ಒಂಟಿ ಶಾಕಿನ) ಬುಷ್, ಅಥವಾ ಹಿಮಾಲಯನ್‌ನಂಥ ಗಾಡಿಗಳಲ್ಲಿ ಶಾಕನ್ನು ಜೋಡಿಸುವ ಲಿಂಕೇಜಿನ ಬೇರಿಂಗ್ ಸವೆದಿದೆ. ಈ ಬೇರಿಂಗುಗಳು ಹಿಂದಿನ ಚಕ್ರ ಎರಚುವ ಕೆಸರಿನಲ್ಲೇ ಇರುತ್ತವೆ, ಆದರೂ ಗ್ರೀಸ್ ಹಚ್ಚಿಸುವವರು ವಿರಳ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಓಡಿದ ಗಾಡಿಯಾದರೆ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮತ್ತು ಎಂಜಿನ್ ನಡುವಿನ ಸಂದಿಯಲ್ಲಿ ಮಣ್ಣು ಒಣಗಿ ಕಲ್ಲಾಗಿರುತ್ತದೆ. ಅದನ್ನು ಕೆರೆದು ನೋಡಿದರೆ ಒಳಗಿನ ತುಕ್ಕು ಎಷ್ಟೆಂದು ತಿಳಿಯುತ್ತದೆ.

ಚೈನಿನ ಪರೀಕ್ಷೆ ಸುಲಭ. ಹಿಂದಿನ ಸ್ಪ್ರಾಕೆಟಿನ ಹಿಂತುದಿಯಲ್ಲಿ ಚೈನನ್ನು ಬೆರಳಿನಿಂದ ಹೊರಕ್ಕೆ ಎಳೆದಾಗ ಹಲ್ಲು ಅರ್ಧದಷ್ಟು ಕಾಣಿಸಿದರೆ ಚೈನ್ ಮುಗಿದಿದೆ. ಹಲ್ಲುಗಳು ಅಲೆಯಂತೆ ಒಂದೇ ಕಡೆ ಬಾಗಿದ್ದರೆ ಸ್ಪ್ರಾಕೆಟ್ ಸಹ. ಬ್ರೇಕ್ ಡಿಸ್ಕಿನ ಮೇಲೆ ಇರಬೇಕಾದ ಕನಿಷ್ಠ ದಪ್ಪವನ್ನು ಅಚ್ಚು ಹಾಕಿರುತ್ತಾರೆ. ಬೆರಳಿಗೆ ಅಂಚಿನಲ್ಲಿ ಏಣು ಚೆನ್ನಾಗಿ ಸಿಕ್ಕಿದರೂ ಮೀಟರ್ ಐದಾರು ಸಾವಿರವನ್ನೇ ತೋರಿಸುತ್ತಿದ್ದರೆ ಮೀಟರನ್ನು ನಂಬಬೇಡಿ.

ನೀರು ಮತ್ತು ವೈರಿಂಗ್

ಹಳ್ಳದಲ್ಲಿ ಮುಳುಗಿದ ಬೈಕನ್ನು ಗುರುತಿಸಲು ಹೆಡ್‌ಲೈಟಿನ ಹಿಂಭಾಗ, ಮೀಟರಿನ ಗಾಜಿನ ಒಳಗು, ಸೀಟಿನ ಕೆಳಗಿನ ಫ್ಯೂಸ್ ಪೆಟ್ಟಿಗೆ ಈ ಮೂರನ್ನು ನೋಡಬೇಕು. ತೊಳೆಯುವವರ ಕೈ ಅಲ್ಲಿಗೆ ಹೋಗುವುದಿಲ್ಲ. ಕನೆಕ್ಟರುಗಳ ಒಳಗೆ ಹಸಿರು ಪುಡಿ, ಮೂಲೆಗಳಲ್ಲಿ ನುಣುಪಾದ ಮಣ್ಣಿನ ಪದರ, ಮೀಟರಿನ ಗಾಜಿನ ಒಳಗೆ ನೀರಿನ ಗೆರೆ ಇದ್ದರೆ ನೀರು ಅಲ್ಲಿಯವರೆಗೂ ಏರಿತ್ತು. ಆಯಿಲ್ ಮಟ್ಟ ನೋಡುವಾಗ ಅದು ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದ್ದರೆ ನೀರು ಎಂಜಿನ್ ಒಳಕ್ಕೂ ಸೇರಿದೆ. ಹಿಮಾಲಯನ್ 411, ಎಕ್ಸ್‌ಪಲ್ಸ್ 200 ಇವುಗಳಲ್ಲಿ ರೇಡಿಯೇಟರ್ ನೀರೇ ಇಲ್ಲವಾದ್ದರಿಂದ ಆ ನೀರು ಹೊರಗಿನಿಂದಲೇ ಬಂದಿರಬೇಕು.

ಹೆಚ್ಚುವರಿ ದೀಪ, ಜೋರು ಹಾರ್ನ್, ಮೊಬೈಲ್ ಚಾರ್ಜರ್ ಹಾಕಿಸಿದ ಗಾಡಿಯಲ್ಲಿ ಸೀಟು ತೆಗೆದು ವೈರಿಂಗ್ ನೋಡಿ. ರಿಲೇ ಮತ್ತು ಫ್ಯೂಸ್ ಇಟ್ಟು ಮಾಡಿದ ಕೆಲಸ ನೋಡಿದರೇ ಗೊತ್ತಾಗುತ್ತದೆ. ಮೂಲ ವೈರನ್ನು ಸೀಳಿ ಟೇಪ್ ಸುತ್ತಿದ್ದರೆ ಮಳೆಗಾಲದಲ್ಲಿ ಗಾಡಿ ನಡುದಾರಿಯಲ್ಲಿ ನಿಲ್ಲುವ ಸಂಭವವಿದೆ. ಮಲ್ಟಿಮೀಟರ್ ಇದ್ದರೆ ಎಂಜಿನ್ ನಿಂತಿರುವಾಗ ಬ್ಯಾಟರಿ 12.6 ವೋಲ್ಟಿನ ಹತ್ತಿರ, ಎಂಜಿನ್ ಓಡುವಾಗ ಸ್ವಲ್ಪ ರೇಸ್ ಕೊಟ್ಟರೆ 13.5ರಿಂದ 14.5ರ ನಡುವೆ ತೋರಬೇಕು.

ಸ್ಟಾರ್ಟ್ ಮಾಡಿ, ಓಡಿಸಿ

ಇಗ್ನಿಷನ್ ಹಾಕಿದ ಕೂಡಲೇ, ಆ ಗಾಡಿಯಲ್ಲಿ ಅವು ಇದ್ದರೆ, ಎಬಿಎಸ್ ದೀಪವೂ ಎಂಜಿನ್ ತಪಾಸಣೆಯ ದೀಪವೂ ಉರಿಯಬೇಕು. ಉರಿಯದಿದ್ದರೆ ಸಂತೋಷಪಡಬೇಡಿ, ದೋಷ ಕಾಣದಿರಲೆಂದು ದೀಪವನ್ನೇ ಕಿತ್ತಿರಬಹುದು. ಎಂಜಿನ್ ತಪಾಸಣೆಯ ದೀಪ ಸ್ಟಾರ್ಟ್ ಆದ ಮೇಲೆ ಆರಬೇಕು, ಎಬಿಎಸ್ ದೀಪ ಗಾಡಿ ಸ್ವಲ್ಪ ದೂರ ಚಲಿಸಿದ ಮೇಲೆ ಆರಬೇಕು.

ತಣ್ಣಗಿನ ಎಂಜಿನ್ ಎದ್ದ ಮೊದಲ ನಿಮಿಷ ಸುಮ್ಮನೆ ನಿಂತು ಕೇಳಿ. ಟ್ಯಾಪೆಟ್ಟಿನ ಟಿಕ್‌ಟಿಕ್ ಸದ್ದು ಏಕತಾನವಾಗಿ ಇರುವುದು ಸಹಜ. ಬಲವಾದ ಬಡಿತ, ಚೈನು ಡಬ್ಬಿಗೆ ತಾಗುವಂಥ ಗಲಗಲ ಸದ್ದು ಬಿಸಿಯಾದ ಮೇಲೂ ಉಳಿದರೆ ಮೆಕ್ಯಾನಿಕ್ ಕಿವಿಗೆ ಕೇಳಿಸಬೇಕು. ಬೆಳಗಿನ ತಂಪಿಗೆ ಸೈಲೆನ್ಸರಿನಿಂದ ಸ್ವಲ್ಪ ಬಿಳಿ ಆವಿ ಬಂದು ಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ನೀಲಿ ಹೊಗೆ ಆಯಿಲ್ ಉರಿಯುವುದರದು. ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಒಮ್ಮೆ ರೇಸ್ ಕೊಟ್ಟಾಗ ಮಾತ್ರ ನೀಲಿ ಬಂದರೆ ವಾಲ್ವ್ ಸೀಲಿನ ಮೇಲೆ ಅನುಮಾನ, ಭಾರ ಎಳೆಯುವಾಗಲೆಲ್ಲ ಬಂದರೆ ರಿಂಗು, ಬೋರಿನ ಮೇಲೆ ಅನುಮಾನ.

ಓಡಿಸುವ ಮೊದಲು ವಿಮೆ ಚಾಲ್ತಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಮೊದಲೇ ಮಾಡಿಸುವುದು ಕಡ್ಡಾಯವಾಯಿತು. ಹೀಗಾಗಿ 2019, 2020ರ ಗಾಡಿಗಳಲ್ಲಿ ಆ ಅವಧಿ ಮುಗಿದದ್ದು ಮಾಲೀಕರ ಗಮನಕ್ಕೇ ಬಂದಿರುವುದಿಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊದಲು ಖಾಲಿ ಜಾಗದಲ್ಲಿ ಬ್ರೇಕ್ ನೋಡಿಕೊಂಡು ರಸ್ತೆಗಿಳಿಯಿರಿ. ಗಂಟೆಗೆ 40ರಿಂದ 60 ಕಿಲೋಮೀಟರ್ ವೇಗದಲ್ಲಿ ಹ್ಯಾಂಡಲನ್ನು ಬಿಡದೆಯೇ ಕೈ ಸಡಿಲ ಹಿಡಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆಯೇ, ವೇಗ ಇಳಿಯುವಾಗ ಹ್ಯಾಂಡಲ್ ನಡುಗುತ್ತದೆಯೇ ಎಂದು ಗಮನಿಸಿ. ಎಳೆತಕ್ಕೆ ಫೋರ್ಕಿನ ಬೆಂಡ್ ಅಥವಾ ಚಕ್ರಗಳ ಸಾಲು ತಪ್ಪಿರುವುದು, ನಡುಕಕ್ಕೆ ಕೋನ್ ಸೆಟ್, ಟೈರ್, ಚಕ್ರದ ಔಟ್ ಕಾರಣವಾಗಿರುತ್ತವೆ. ಕ್ಲಚ್ ನೋಡಲು ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತ ಒಮ್ಮೆಲೇ ಆಕ್ಸಿಲರೇಟರ್ ಕೊಡಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟ್ ಸವೆದಿದೆ. ಕೆಸರಿನಲ್ಲಿ ಸಿಕ್ಕಿಬಿದ್ದು ಕ್ಲಚ್ ಅರ್ಧ ಹಿಡಿದು ಎಳೆಸಿದ ಗಾಡಿಗಳಲ್ಲಿ ಇದು ಸಾಮಾನ್ಯ.

ನಿಮಗೆ ಆ ಗಾಡಿ ಹೊಂದುತ್ತದೆಯೇ ಎಂಬುದೂ ಪರೀಕ್ಷೆಯ ಭಾಗವೇ. ಹಿಮಾಲಯನ್ 411ರ ಸೀಟು 800 ಮಿಲಿಮೀಟರ್ ಎತ್ತರದಲ್ಲಿದೆ, ಆದರೆ ಬಿಎಸ್ 6 ಮಾದರಿಯ ತೂಕ 199 ಕಿಲೋ. ಎಕ್ಸ್‌ಪಲ್ಸ್ 160 ಕಿಲೋಗೂ ಕಡಿಮೆ, ಸೀಟು 820 ದಾಟಿದೆ. ಉದ್ದನೆಯ ಸಸ್ಪೆನ್ಷನ್ನಿನ ಪ್ರೋ ಮಾದರಿಯಲ್ಲಿ 891. ಕಾಲು ನೆಲಕ್ಕೆ ಸಿಗುವುದನ್ನು ಸಮತಟ್ಟಾದ ಸಿಮೆಂಟಿನ ಮೇಲೆ ನೋಡದೆ, ಇಳಿಜಾರಿನ ಕಲ್ಲುದಾರಿಯಲ್ಲಿ ನಿಲ್ಲಿಸಿ ನೋಡಬೇಕು. ಹತ್ತಿರದಲ್ಲಿ ಮಣ್ಣಿನ ದಾರಿಯಿದ್ದರೆ ಐವತ್ತು ಮೀಟರಾದರೂ ಎದ್ದು ನಿಂತು ಓಡಿಸಿ. ಫುಟ್‌ರೆಸ್ಟ್ ಓರೆಯಾಗಿದ್ದರೆ, ಹ್ಯಾಂಡಲ್ ತಿರುಚಿದ್ದರೆ ಕೂತಾಗ ತಿಳಿಯದ್ದು ನಿಂತಾಗ ಅಂಗಾಲಿಗೂ ಅಂಗೈಗೂ ತಿಳಿಯುತ್ತದೆ.

ಬೆಲೆ ಮಾತಾಡುವಾಗ ಕಂಡ ದೋಷಗಳನ್ನು ಒಂದು ಚೀಟಿಯಲ್ಲಿ ಬರೆದು, ಪರಿಚಯದ ಗ್ಯಾರೇಜಿಗೆ ಅಲ್ಲಿಂದಲೇ ಫೋನ್ ಮಾಡಿ ಒಂದೊಂದರ ಖರ್ಚು ಕೇಳಿ, ಆ ಮೊತ್ತವನ್ನು ಮಾರುವವರ ಮುಂದಿಡುವುದು ನನ್ನ ಕ್ರಮ. ಟೈರ್, ಚೈನ್ ಸ್ಪ್ರಾಕೆಟ್, ಬ್ರೇಕ್ ಪ್ಯಾಡ್, ಫೋರ್ಕ್ ಸೀಲ್, ಕೋನ್ ಸೆಟ್ ಇವೆಲ್ಲ ಸವೆಯುವ ವಸ್ತುಗಳು, ಅವುಗಳಿಗಾಗಿ ಬೆಲೆ ಇಳಿಸಬಹುದೇ ಹೊರತು ಗಾಡಿ ಬಿಡಬೇಕಿಲ್ಲ. ಚಾಸಿಸ್ ಬಿರುಕು, ಫಿಲ್ಟರಿನಾಚೆ ಧೂಳು, ನೀರು ಸೇರಿದ ಎಂಜಿನ್, ತಾಳೆಯಾಗದ ಸಂಖ್ಯೆ, ಈ ನಾಲ್ಕರಲ್ಲಿ ಒಂದಿದ್ದರೂ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ದುಬಾರಿ ಪೆಟ್ಟಿಗೆ, ದೀಪ, ಗಾರ್ಡ್‌ಗಳನ್ನು ಹಾಕಿಸಿದ್ದೇವೆಂದು ಅವುಗಳ ಪೂರ್ತಿ ಬೆಲೆ ಕೇಳುವವರಿರುತ್ತಾರೆ. ಅವು ನಿಮಗೆ ಬೇಡವಾದರೆ ತೆಗೆದುಕೊಂಡು ಗಾಡಿಯನ್ನಷ್ಟೇ ಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಒಪ್ಪಂದವಾದರೆ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ, ಸಾಲವಿದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆಗೆ ಫಾರಂ 35, ಸರ್ವಿಸ್ ದಾಖಲೆ, ಎರಡೂ ಕೀಲಿಗಳನ್ನು ಅಂದೇ ಪಡೆಯಿರಿ. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು; ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕರ ಜೊತೆಗೇ ಹೋಗುತ್ತದೆ, ಅದು ಗಾಡಿಯೊಂದಿಗೆ ಬರುವುದಿಲ್ಲ. ಗಾಡಿ ಕೈಸೇರಿದ ದಿನಾಂಕ ಮಾತ್ರವಲ್ಲ, ಗಂಟೆ ನಿಮಿಷವನ್ನೂ ಬರೆದ ಚೀಟಿಗೆ ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಆ ಬೆಳಗ್ಗೆ ಅವರಿಂದಾದ ಸಿಗ್ನಲ್ ಉಲ್ಲಂಘನೆ ನಿಮ್ಮ ತಲೆಗೂ, ಆ ಸಂಜೆ ನಿಮ್ಮಿಂದಾದದ್ದು ಅವರ ತಲೆಗೂ ಬರದಂತೆ ಕಾಯುವ ಕಾಗದ ಅದು. ಮನೆಗೆ ತಂದ ವಾರದಲ್ಲೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ಆಯಿಲ್ ಬದಲಾಯಿಸಿ, ಲಿಂಕೇಜಿಗೂ ಕೋನ್ ಸೆಟ್ಟಿಗೂ ಗ್ರೀಸ್ ಹಚ್ಚಿಸಿ, ಮೀಟರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಲ್ಲಿಂದ 500 ಕಿಲೋಮೀಟರ್ ಓಡಿದ ಮೇಲೆ ಆಯಿಲ್ ಮಟ್ಟವನ್ನು ಮತ್ತೊಮ್ಮೆ ನೋಡಿ, ಕಡ್ಡಿಗಳನ್ನು ಮತ್ತೊಮ್ಮೆ ತಟ್ಟಿ ಕೇಳಿ.